ಜಾಮ್ ಆದ ಪ್ರಿಂಟರಿನಿಂದ ನಮ್ಮ ಮೊಬೈಲಿನ ಕನ್ನಡದವರೆಗೆ

ನಮ್ಮ ಕಡೆ 'ಫ್ರೀ' ಅಂದರೆ ದುಡ್ಡು ಕೊಡಬೇಕಿಲ್ಲ ಎಂದೇ ಅರ್ಥ. ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಮನೆಗೆ ಕರೆಂಟ್ ಫ್ರೀ, ಒಂದು ಕೊಂಡರೆ ಇನ್ನೊಂದು ಫ್ರೀ. ಹಾಗಾಗಿ 'ಫ್ರೀ ಸಾಫ್ಟ್‌ವೇರ್' ಎಂಬ ಮಾತು ಕಿವಿಗೆ ಬಿದ್ದರೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಎಂದು ತಿಳಿಯುವವರೇ ಹೆಚ್ಚು. ಇಂಗ್ಲಿಷಿನಲ್ಲಿ ಆ ಪದಕ್ಕೆ ಎರಡು ಅರ್ಥ ಇರುವುದರಿಂದ ಈ ಗೊಂದಲ. ಕನ್ನಡಕ್ಕೆ ಆ ತೊಂದರೆ ಇಲ್ಲ. ದುಡ್ಡು ಕೇಳದ್ದಕ್ಕೆ ಉಚಿತ ಅನ್ನುತ್ತೇವೆ, ಯಾರ ಹಂಗಿಗೂ ಸಿಕ್ಕದ್ದಕ್ಕೆ ಸ್ವತಂತ್ರ ಅನ್ನುತ್ತೇವೆ. ನಾವು ಇಲ್ಲಿ ಹೇಳಹೊರಟಿರುವುದು ಸ್ವತಂತ್ರ ತಂತ್ರಾಂಶದ ಕಥೆ. ಕೆಲವರು ಇದನ್ನು ಮುಕ್ತ ತಂತ್ರಾಂಶ ಎಂದೂ ಕರೆಯುತ್ತಾರೆ.

ನೀವು ಇದನ್ನು ಓದುತ್ತಿರುವುದು ಬಹುಶಃ ಆಂಡ್ರಾಯ್ಡ್ ಮೊಬೈಲಿನಲ್ಲಿ. ಅದರ ತಳಪಾಯ ಸ್ವತಂತ್ರ ತಂತ್ರಾಂಶದ್ದು. ಈ ಕನ್ನಡ ಅಕ್ಷರಗಳು ಒತ್ತು, ದೀರ್ಘ ಸಮೇತ ಸರಿಯಾಗಿ ಮೂಡುತ್ತಿರುವುದರಲ್ಲೂ ಅದರ ಪಾಲು ದೊಡ್ಡದು. ಪ್ರೋಗ್ರಾಮಿನ ಒಂದು ಸಾಲನ್ನೂ ಬರೆಯದ, ಬರೆಯುವ ಆಸೆಯೂ ಇಲ್ಲದ ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಇದರಿಂದ ಏನು ಲಾಭ? ಈ ಪ್ರಶ್ನೆಗೆ ಉತ್ತರ ಕಳೆದ ನಲವತ್ತು ಚಿಲ್ಲರೆ ವರ್ಷಗಳ ಚರಿತ್ರೆಯಲ್ಲಿದೆ.

ಬಿಚ್ಚಲಾಗದ ಮುಚ್ಚಳ

ಕಥೆ ಶುರುವಾಗುವುದು ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ. 1980ರ ಸುಮಾರಿಗೆ ಅಲ್ಲಿನ ಒಂದು ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಹೊಸ ಲೇಸರ್ ಪ್ರಿಂಟರ್ ಒಂದನ್ನು ಕೊಟ್ಟಿತು. ನಮ್ಮೂರ ಅಂಗಡಿಗಳಲ್ಲಿ ನಕಲು ಪ್ರತಿಗೇ ಜೆರಾಕ್ಸ್ ಅನ್ನುತ್ತೇವಲ್ಲ, ಅದೇ ಕಂಪನಿ. ಪ್ರಿಂಟರ್ ವೇಗವಾಗಿತ್ತು, ಆದರೆ ಆಗಾಗ ಕಾಗದ ಸಿಕ್ಕಿಕೊಂಡು ಜಾಮ್ ಆಗುತ್ತಿತ್ತು. ಪ್ರಿಂಟ್ ಕೊಟ್ಟವರು ಎಷ್ಟೋ ಹೊತ್ತು ಬಿಟ್ಟು ಹೋಗಿ ನೋಡಿದರೆ ಒಂದು ಹಾಳೆಯೂ ಬಂದಿರುತ್ತಿರಲಿಲ್ಲ.

ಅಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದವರು ರಿಚರ್ಡ್ ಸ್ಟಾಲ್‌ಮನ್. ಹಳೆಯ ಪ್ರಿಂಟರಿಗೂ ಇದೇ ರೋಗ ಇದ್ದಾಗ ಅವರು ಅದರ ಪ್ರೋಗ್ರಾಮಿಗೆ ಒಂದಿಷ್ಟು ಸಾಲು ಸೇರಿಸಿದ್ದರು. ಜಾಮ್ ಆದ ಕೂಡಲೇ ಕಾಯುತ್ತಿದ್ದವರ ಕಂಪ್ಯೂಟರಿಗೆ ಸಂದೇಶ ಹೋಗುತ್ತಿತ್ತು, ಯಾರಾದರೂ ಎದ್ದು ಹೋಗಿ ಸರಿಮಾಡುತ್ತಿದ್ದರು. ಹೊಸ ಪ್ರಿಂಟರಿಗೂ ಹಾಗೆಯೇ ಮಾಡೋಣ ಅಂದರೆ ಅದರ ಸೋರ್ಸ್ ಕೋಡ್ ಕಂಪನಿ ಕೊಟ್ಟಿರಲಿಲ್ಲ. ಸೋರ್ಸ್ ಕೋಡ್ ಅಂದರೆ ಪ್ರೋಗ್ರಾಮಿನ ಮೂಲ ಬರಹ, ಮನುಷ್ಯರು ಓದಿ ತಿದ್ದಬಹುದಾದದ್ದು. ಅದಿಲ್ಲದೆ ಕೈಗೆ ಸಿಗುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ-ಒಂದುಗಳ ರಾಶಿ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಒಬ್ಬರ ಬಳಿ ಆ ಮೂಲ ಬರಹ ಇದೆಯೆಂದು ತಿಳಿದು ಸ್ಟಾಲ್‌ಮನ್ ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಆತ ಒಪ್ಪಲಿಲ್ಲ.

ಇದನ್ನು ನಮ್ಮ ಹೊಲಕ್ಕೆ ತಂದು ನೋಡಿ. ಬೋರ್‌ವೆಲ್ ಮೋಟರ್ ಸುಟ್ಟರೆ ತಾಲ್ಲೂಕಿನ ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿಯವನು ಬಿಚ್ಚಿ, ತಂತಿ ಸುತ್ತಿ ಕೊಡುತ್ತಾನೆ. ಮುಚ್ಚಳ ಬಿಚ್ಚುವುದೇ ಅಪರಾಧ, ಕಂಪನಿಯವರೇ ಬರಬೇಕು, ಅವರು ಬರುವ ಹೊತ್ತಿಗೆ ಬೆಳೆ ಒಣಗಿದರೆ ನಿಮ್ಮ ಹಣೆಬರಹ ಅಂದುಬಿಟ್ಟರೆ? ನಮ್ಮಲ್ಲಿ ಎಲ್ಲರಿಗೂ ವೈಂಡಿಂಗ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬರುವವನು ಹತ್ತಿರದಲ್ಲಿದ್ದಾನೆ, ಅವನಿಗೆ ಬಿಚ್ಚುವ ಹಕ್ಕಿದೆ. ಅದರ ಲಾಭ ನೀರು ಹಾಯಿಸುವ ನಮಗೆ. ಸಾಮಾನ್ಯ ಬಳಕೆದಾರರಿಗೆ ಸ್ವತಂತ್ರ ತಂತ್ರಾಂಶ ಯಾಕೆ ಬೇಕು ಎಂಬುದಕ್ಕೂ ಕಾರಣ ಇದೇ.

ನಾಲ್ಕು ಹಕ್ಕು, ಒಂದು ಷರತ್ತು

ಸ್ಟಾಲ್‌ಮನ್ 1983ರ ಸೆಪ್ಟೆಂಬರ್ 27ರಂದು 'ಗ್ನೂ' ಎಂಬ ಯೋಜನೆ ಘೋಷಿಸಿದರು. ಕಂಪ್ಯೂಟರ್ ನಡೆಸಲು ಬೇಕಾದ ಎಲ್ಲ ತಂತ್ರಾಂಶಗಳನ್ನೂ ಹೊಸದಾಗಿ ಬರೆದು, ಎಲ್ಲರ ಕೈಗೂ ಕೊಡುವುದು ಅದರ ಗುರಿ. ಮುಂದಿನ ವರ್ಷ ಕೆಲಸ ಬಿಟ್ಟು ಇದಕ್ಕೇ ಇಳಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು.

ಈ ಚಳವಳಿ ಬಳಕೆದಾರರ ಹಕ್ಕುಗಳನ್ನು ನಾಲ್ಕು ಎಂದು ಎಣಿಸುತ್ತದೆ. ಯಾವ ಕೆಲಸಕ್ಕೆ ಬೇಕಾದರೂ ಬಳಸುವುದು. ಒಳಗೆ ಏನಿದೆ ಎಂದು ನೋಡಿ ಬೇಕಾದಂತೆ ತಿದ್ದಿಕೊಳ್ಳುವುದು. ಪ್ರತಿ ಮಾಡಿ ಬೇರೆಯವರಿಗೆ ಕೊಡುವುದು. ತಿದ್ದಿದ ಪ್ರತಿಯನ್ನೂ ಹಂಚುವುದು. ಇದರಲ್ಲಿ ದುಡ್ಡಿನ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಸ್ಟಾಲ್‌ಮನ್ ಅವರೇ ತಮ್ಮ 'ಈಮ್ಯಾಕ್ಸ್' ಎಂಬ ಪ್ರೋಗ್ರಾಮಿನ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವರು ಅದನ್ನು ಪ್ರತಿ ಮಾಡಿ ಹತ್ತು ಜನರಿಗೆ ಹಂಚಿದರೂ ಅವರ ತಕರಾರು ಇರಲಿಲ್ಲ.

ಹೀಗೆ ಬಿಟ್ಟುಕೊಟ್ಟದ್ದನ್ನು ಯಾರಾದರೂ ಎತ್ತಿಕೊಂಡು, ಸ್ವಲ್ಪ ಬದಲಿಸಿ, ಬೀಗ ಹಾಕಿ ಮಾರಿದರೆ? ಅದಕ್ಕೆ ಕಟ್ಟಿದ ಬೇಲಿ 1989ರಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿ. ಬಳಸಿ, ತಿದ್ದಿ, ಹಂಚಿ, ಬೇಕಾದರೆ ಮಾರಿ. ಆದರೆ ನೀವು ಯಾರಿಗೆ ಕೊಡುತ್ತೀರೋ ಅವರಿಗೂ ಮೂಲ ಬರಹ ಮತ್ತು ಇದೇ ಹಕ್ಕುಗಳು ಹೋಗಬೇಕು ಎಂಬುದು ಅದರ ಷರತ್ತು. ನಕಲು ಮಾಡಬೇಡಿ ಎನ್ನಲು ಇರುವ ಕಾಪಿರೈಟ್ ಕಾನೂನನ್ನೇ ಹಿಡಿದು, ನಕಲು ಮಾಡುವ ಹಕ್ಕನ್ನು ಯಾರೂ ಕಸಿಯಬೇಡಿ ಎಂದು ಬರೆದರು.

ಗ್ನೂ ಯೋಜನೆಯಲ್ಲಿ ಬಹುಪಾಲು ಸಿದ್ಧವಾದರೂ ಕರ್ನೆಲ್ ಎಂಬ ಹೃದಯಭಾಗ ಬಾಕಿ ಇತ್ತು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕಾಗಿ ಇಂಥದ್ದೊಂದನ್ನು ಬರೆಯುತ್ತಿದ್ದೇನೆ ಎಂದು ಇಂಟರ್ನೆಟ್ಟಿನಲ್ಲಿ ಪ್ರಕಟಿಸಿದರು. ಅದೇ ಲಿನಕ್ಸ್. 1992ರಲ್ಲಿ ಅದನ್ನು ಜಿಪಿಎಲ್ ಅಡಿ ತಂದರು. ಎರಡೂ ಸೇರಿ ಕಂಪ್ಯೂಟರನ್ನು ಪೂರ್ತಿ ನಡೆಸಬಲ್ಲ ವ್ಯವಸ್ಥೆ ಆಯಿತು. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಮೊಬೈಲುಗಳು ಲಿನಕ್ಸ್ ಕರ್ನೆಲ್ ಮೇಲೆಯೇ ಕಟ್ಟಿದವು. ನಮ್ಮ ಮೊಬೈಲ್ ಪೂರ್ತಿ ಸ್ವತಂತ್ರ ಎಂದಲ್ಲ, ಅದರ ಮೇಲೆ ಕೂತಿರುವ ಅನೇಕ ಆ್ಯಪ್‌ಗಳಿಗೆ ಬೀಗ ಇದ್ದೇ ಇದೆ.

ಒಡೆಯ ಬದಲಾದ, ಹೊಲ ಉಳಿಯಿತು

ಉಚಿತಕ್ಕೂ ಸ್ವತಂತ್ರಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದು ಕಷ್ಟ ಬಂದಾಗ. ಉಚಿತವಾಗಿ ಕೊಟ್ಟದ್ದನ್ನು ಕೊಟ್ಟವರು ನಾಳೆ ನಿಲ್ಲಿಸಬಹುದು, ಬೆಲೆ ಕಟ್ಟಬಹುದು. ಸ್ವತಂತ್ರವಾದದ್ದನ್ನು ಹಾಗೆ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಲಿಬ್ರೆ ಆಫೀಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅರ್ಜಿ, ಪತ್ರ, ಲೆಕ್ಕದ ಪಟ್ಟಿ ಮಾಡಲು ಬಳಸುವ ತಂತ್ರಾಂಶ ಇದು. ಇದರ ಮೂಲ ಸ್ಟಾರ್ ಆಫೀಸ್ ಎಂಬ ಜರ್ಮನ್ ಉತ್ಪನ್ನ. ಅಮೆರಿಕದ ಸನ್ ಕಂಪನಿ 1999ರಲ್ಲಿ ಅದನ್ನು ಕೊಂಡು, 2000ದಲ್ಲಿ ಮೂಲ ಬರಹವನ್ನು ಬಿಟ್ಟುಕೊಟ್ಟಿತು. ಓಪನ್ ಆಫೀಸ್ ಹುಟ್ಟಿದ್ದು ಹಾಗೆ. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಹೊಸ ಒಡೆಯರ ಕೈಯಲ್ಲಿ ಇದರ ಗತಿ ಏನು ಎಂಬ ಅನುಮಾನ ಹುಟ್ಟಿದಾಗ, ಅದರಲ್ಲಿ ದುಡಿಯುತ್ತಿದ್ದ ಬಹಳ ಮಂದಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಗೆ ಬಂದು, ಮೂಲ ಬರಹದ ಪ್ರತಿ ಇಟ್ಟುಕೊಂಡು ಲಿಬ್ರೆ ಆಫೀಸ್ ಶುರುಮಾಡಿದರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಹಕ್ಕು ಪರವಾನಗಿಯಲ್ಲೇ ಇತ್ತು. ಬಳಸುವವರ ಹಳೆಯ ಫೈಲುಗಳು ಹೊಸದರಲ್ಲೂ ತೆರೆದುಕೊಂಡವು.

ಮದುವೆ ವಿಡಿಯೊ ಯಾವುದರಲ್ಲೂ ತೆರೆಯದಿದ್ದಾಗ ನಾವು ಹಾಕುವ ವಿಎಲ್‌ಸಿ, ಆ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನಿನ ಗುರುತಿನದು, ಅದೂ ಇದೇ ಕುಟುಂಬದ್ದು. 1996ರಲ್ಲಿ ಪ್ಯಾರಿಸ್ ಬಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರುಮಾಡಿದ ಕೆಲಸ 2001ರಲ್ಲಿ ಜಿಪಿಎಲ್ ಅಡಿ ಹೊರಬಂತು. ಆ ವಿದ್ಯಾರ್ಥಿಗಳು ಓದು ಮುಗಿಸಿ ಹೋದರೂ ತಂತ್ರಾಂಶ ನಿಲ್ಲಲಿಲ್ಲ.

ಒಳಗೆ ಇಂಗ್ಲಿಷ್, ಮೇಲೆ ಕನ್ನಡದ ವೇಷ

ಈಗ ನಮ್ಮ ನುಡಿಯ ವಿಷಯಕ್ಕೆ ಬರೋಣ. ಕಂಪ್ಯೂಟರಿನ ಹಳೆಯ ಏರ್ಪಾಟಿನಲ್ಲಿ ಅಕ್ಷರಗಳಿಗೆ ಇದ್ದದ್ದು ಹೆಚ್ಚೆಂದರೆ 256 ಮನೆ. ಅವು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ಹಂಚಿಹೋಗಿದ್ದವು. ಕನ್ನಡ ಮೂಡಿಸಬೇಕಾದವರು ಆ ಅಕ್ಷರಗಳ ಜಾಗದಲ್ಲಿ ತಲೆಕಟ್ಟು, ಗುಡಿಸು, ಒತ್ತು ಎಂದು ನಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ.

ಆ ಕಾಲದವರ ಋಣ ಸಣ್ಣದಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷಿನ ಅದೇ ಗುಂಡಿಗಳಲ್ಲಿ ಇಡೀ ಕನ್ನಡವನ್ನು ಒತ್ತಲು ದಾರಿ ಮಾಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರು 1998ರಲ್ಲಿ ತಂದ 'ಬರಹ' ಇವು ಲಕ್ಷಾಂತರ ಜನರಿಂದ ಕನ್ನಡ ಟೈಪ್ ಮಾಡಿಸಿದವು.

ಆದರೆ ಒಂದೊಂದು ಫಾಂಟಿನಲ್ಲಿ ಒಂದೊಂದು ತುಂಡು ಒಂದೊಂದು ಮನೆಯಲ್ಲಿ. ಸುದ್ದಿ ಕಳಿಸುವ ನಮಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಒಂದು ಪತ್ರಿಕೆಗೆ ಟೈಪ್ ಮಾಡಿದ್ದು ಇನ್ನೊಂದು ಪತ್ರಿಕೆಯ ಕಂಪ್ಯೂಟರಿನಲ್ಲಿ ಹುಳ ಹರಿದಂತೆ ಕಾಣುತ್ತಿತ್ತು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಸಂಘದ ಬೈಲಾ, ಜಾತ್ರೆಯ ಲೆಕ್ಕಪತ್ರ, ಊರ ಚರಿತ್ರೆಯ ಹಸ್ತಪ್ರತಿ ಪೆನ್‌ಡ್ರೈವಿನಲ್ಲಿ ಹಾಗೆಯೇ ಇರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಅಕ್ಷರವೂ ಓದಲಾಗದು. ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲು ಬರುವುದಿಲ್ಲ. ಬರೆದವರು ನಾವೇ ಆದರೂ ಓದುವ ಕೀಲಿ ನಮ್ಮ ಕೈಯಲ್ಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಓಣಿ ಕೊಟ್ಟ ಈ ಏರ್ಪಾಟಿನ ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲೇ ಕನ್ನಡಕ್ಕೂ 128 ಮನೆಗಳ ಒಂದು ಓಣಿ ಸಿಕ್ಕಿತು. 'ಕ' ಎಂಬುದು ಯಾವ ಫಾಂಟಿನಲ್ಲಿ ಬರೆದರೂ 'ಕ'ವೇ.

ಮನೆ ನಂಬರ್ ಸಿಕ್ಕ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲ. ಒತ್ತಕ್ಷರವನ್ನು ಕೆಳಗೆ ಇಳಿಸಿ ಕೂರಿಸಬೇಕು. 'ಅರ್ಥ' ಎಂದು ಬರೆದಾಗ ಮೊದಲು ಟೈಪ್ ಮಾಡಿದ 'ರ' ಅರ್ಕಾವತ್ತಾಗಿ ಹಿಂದಕ್ಕೆ ಹೋಗಬೇಕು. 2010ರ ಆಸುಪಾಸಿನ ಎಷ್ಟೋ ಮೊಬೈಲುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದದ್ದು ನಿಮಗೆ ನೆನಪಿರಬಹುದು. ಆ ಕೆಲಸ ಮಾಡಲು ಅಕ್ಷರ ಜೋಡಿಸುವ ತಂತ್ರಾಂಶ ಬೇಕು, ಒಳ್ಳೆಯ ಫಾಂಟ್ ಬೇಕು.

ಅಕ್ಷರ ಜೋಡಿಸುವ ಆ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಅದನ್ನು ಮುಖ್ಯವಾಗಿ ಬರೆದವರು ಇರಾನ್ ಮೂಲದ ಬೆಹ್ದಾದ್ ಎಸ್ಫಾಬೋದ್. ಪರ್ಷಿಯನ್ ಭಾಷೆಯಲ್ಲಿ ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಇಂದು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಎಲ್ಲವೂ ಅಕ್ಷರ ಜೋಡಿಸಲು ಬಳಸುವುದು ಇದನ್ನೇ. ಒಂದು ಕಡೆ ಕನ್ನಡದ ಒತ್ತು ಸರಿಹೋದರೆ ಅದನ್ನು ಬಳಸುವ ಎಲ್ಲ ಕಡೆಯೂ ಸರಿಹೋಗಲು ದಾರಿಯಾಗುತ್ತದೆ. ಕನ್ನಡ ಬಲ್ಲವರು ತಪ್ಪು ಎಲ್ಲಿದೆ ಎಂದು ತೋರಿಸಬಹುದು, ಬಲ್ಲವರಾದರೆ ತಾವೇ ತಿದ್ದಿ ಕಳಿಸಬಹುದು.

ಫಾಂಟುಗಳೂ ಹಾಗೆಯೇ ಬಂದವು. ಕೇದಗೆ, ಮಲ್ಲಿಗೆ ಎಂಬ ಕನ್ನಡ ಫಾಂಟುಗಳು ಜಿಪಿಎಲ್ ಅಡಿ ಸಿಕ್ಕವು. 2004ರಲ್ಲಿ ರೆಡ್ ಹ್ಯಾಟ್ ಕಂಪನಿ ಭಾರತದ ಭಾಷೆಗಳಿಗಾಗಿ 'ಲೋಹಿತ್' ಫಾಂಟುಗಳನ್ನು ಬಿಡುಗಡೆ ಮಾಡಿತು. ಕನ್ನಡದ ಸ್ವಯಂಸೇವಕರು ಗುಬ್ಬಿ, ನವಿಲು ಎಂಬ ಫಾಂಟುಗಳನ್ನು ಮಾಡಿ ಬಿಟ್ಟರು. ಕೆ.ಪಿ. ರಾವ್ ಅವರ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ. ನೆರೆಯ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ಬೆಳೆಸಿದ 'ಇಂಡಿಕ್ ಕೀಬೋರ್ಡ್' ಮಲಯಾಳಂ ಜೊತೆಗೆ ಕನ್ನಡಕ್ಕೂ ಇದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸುಗಳ ಮೆನುಗಳನ್ನು ಕನ್ನಡಕ್ಕೆ ತಂದದ್ದರಲ್ಲಿ ಸ್ವಯಂಸೇವಕರ ದುಡಿಮೆ ದೊಡ್ಡದು. ಕಂಪನಿಗಳೂ ಕನ್ನಡ ಕೊಟ್ಟಿವೆ, ಇಲ್ಲ ಅನ್ನುವಂತಿಲ್ಲ. ಆದರೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅಲ್ಲಿ ಅವರು. ಇಲ್ಲಿ ಕನ್ನಡಿಗರು ಕೂತು ಮಾಡಿದರೆ ಆಯಿತು, ಮಾರುಕಟ್ಟೆ ಚಿಕ್ಕದು ಎಂದು ತಡೆಯುವವರಿಲ್ಲ.

ಹಳೆಯ ಫಾಂಟಿನಲ್ಲಿ ಸಿಕ್ಕಿಬಿದ್ದ ಬರಹವನ್ನು ಯುನಿಕೋಡಿಗೆ ತರುವ ಪರಿವರ್ತಕಗಳನ್ನೂ ಇಂಥ ಸ್ವಯಂಸೇವಕರು ಮಾಡಿ ಬಿಟ್ಟಿದ್ದಾರೆ. ಅಚ್ಚಾದ ಪುಟದ ಫೋಟೊದಿಂದ ಅಕ್ಷರ ಎತ್ತಿಕೊಡುವ 'ಟೆಸರಾಕ್ಟ್' ಮೊದಲು ಎಚ್‌ಪಿ ಕಂಪನಿಯ ಒಳಗೇ ಇತ್ತು. 2005ರಲ್ಲಿ ಮೂಲ ಬರಹ ಹೊರಬಂದ ಮೇಲೆ ಅದು ಕನ್ನಡವನ್ನೂ ಓದಲು ಕಲಿಯಿತು.

ಗಡಿಯಾಚೆಯ ಕನ್ನಡ ಶಾಲೆಗಳು

ಶಾಲೆಯ ವಿಷಯದಲ್ಲಿ ನಮ್ಮ ಪಕ್ಕದಲ್ಲೇ ಒಂದು ಪಾಠ ಇದೆ. 2001ರಲ್ಲಿ ಕೇರಳ ಸರ್ಕಾರ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. ಅದೇ ವರ್ಷ ತಿರುವನಂತಪುರದಲ್ಲಿ ಸ್ಟಾಲ್‌ಮನ್ ಸಮ್ಮುಖದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತದ ಸೋದರ ಸಂಸ್ಥೆ ಆರಂಭವಾಯಿತು. ಆ ದಶಕದಲ್ಲೇ ಅಲ್ಲಿನ ಹೈಸ್ಕೂಲುಗಳ ಕಂಪ್ಯೂಟರ್ ಪಾಠ ಗ್ನೂ-ಲಿನಕ್ಸಿಗೆ ಬದಲಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ಪಾಠ, ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಶಾಲೆಯಲ್ಲಿ ಕಲಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು ಹಾಕಿಕೊಂಡರೆ ಅದು ಕಳ್ಳ ಕಾಪಿ ಆಗುವುದಿಲ್ಲ. ಬಡ ಮಗುವಿಗೂ ಉಳ್ಳವರ ಮಗುವಿಗೂ ಸಿಗುವ ತಂತ್ರಾಂಶ ಒಂದೇ. 2015ರಲ್ಲಿ ಕೇಂದ್ರ ಸರ್ಕಾರವೂ ತನ್ನ ಕಚೇರಿಗಳಲ್ಲಿ ಇಂಥ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿತು.

ಹಳೆಯ ಕಂಪ್ಯೂಟರಿನ ಪ್ರಶ್ನೆಯೂ ಇದಕ್ಕೇ ಸೇರಿದ್ದು. ವಿಂಡೋಸ್ 7ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2020ರ ಜನವರಿಗೆ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಅನ್ನು ಬಹಳಷ್ಟು ಹಳೆಯ ಯಂತ್ರಗಳು ತಾಳುವುದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶದ ಕಾರಣಕ್ಕೆ ಅದು ಗುಜರಿ ಸೇರಬೇಕು. ಹಗುರವಾದ ಲಿನಕ್ಸ್ ಹಾಕಿದರೆ ಅಂಥ ಎಷ್ಟೋ ಯಂತ್ರಗಳು ಇನ್ನೂ ಕೆಲವು ವರ್ಷ ಅರ್ಜಿ ಟೈಪ್ ಮಾಡಲು, ಮಕ್ಕಳ ಕಲಿಕೆಗೆ ಬರುತ್ತವೆ.

ಹೂಳೂ ತುಂಬುತ್ತದೆ

ಎಲ್ಲ ಚೆನ್ನಾಗಿದೆ ಅಂದರೆ ಸುಳ್ಳಾಗುತ್ತದೆ. ಊರಿನ ಕೆರೆ ಎಲ್ಲರದ್ದು, ಹೂಳು ಎತ್ತುವ ದಿನ ಬರುವವರು ನಾಲ್ಕೇ ಜನ. ಬ್ಯಾಂಕ್ ವ್ಯವಹಾರದ ಗುಟ್ಟು ಕಾಯುವ 'ಓಪನ್ ಎಸ್‌ಎಸ್‌ಎಲ್' ಎಂಬ ತಂತ್ರಾಂಶವನ್ನು ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ಬಳಸುತ್ತಿದ್ದವು, ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. 2012ರಲ್ಲಿ ಅದರೊಳಗೆ ಸೇರಿದ ಒಂದು ತಪ್ಪು ಬೆಳಕಿಗೆ ಬಂದದ್ದು 2014ರ ಏಪ್ರಿಲಿನಲ್ಲಿ. 'ಹಾರ್ಟ್‌ಬ್ಲೀಡ್' ಎಂದು ಅದು ಕುಖ್ಯಾತವಾಯಿತು. ಬಾಗಿಲು ತೆರೆದಿದ್ದರೂ ಒಳಗೆ ಬಂದು ನೋಡುವವರು ಬೇಕು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಆಮೇಲೆ ಕಂಪನಿಗಳು ಅದರ ನಿರ್ವಹಣೆಗೆ ಹಣ ಕೊಡಲು ಮುಂದಾದವು.

ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಒಂದು ಕೊರತೆ ಇದೆ. ಲಿನಕ್ಸ್ ಹಾಕಿಕೊಡಿ ಅಂದರೆ ಕಂಪ್ಯೂಟರ್ ರಿಪೇರಿ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಡಿಟಿಪಿಯವರು ಹತ್ತಾರು ವರ್ಷ ಕೈ ಪಳಗಿಸಿಕೊಂಡ ಪ್ರೋಗ್ರಾಮುಗಳಿಗೆ ಪೂರ್ತಿ ಸಮನಾದದ್ದು ಸಿಗದೆ ಇರಬಹುದು. ಹೊಟ್ಟೆಪಾಡಿನ ಕೆಲಸವನ್ನು ಒಂದೇ ದಿನಕ್ಕೆ ಬದಲಿಸಿ ಎಂದು ನಾವೂ ಹೇಳುವುದಿಲ್ಲ.

ಆದರೆ ಒಂದು ಕೆಲಸ ಇವತ್ತೇ ಮಾಡಬಹುದು. ಮುಂದಿನ ಸಲ ಡಿಟಿಪಿ ಅಂಗಡಿಗೆ ಹೋದಾಗ, ಅದು ಸಂಘದ ಲೆಕ್ಕವೇ ಇರಲಿ, ತಾತ ಬರೆದಿಟ್ಟ ಹಾಡುಗಳ ಪುಸ್ತಕವೇ ಇರಲಿ, ಯುನಿಕೋಡಿನಲ್ಲಿ ಟೈಪ್ ಮಾಡಿಕೊಡಿ ಎಂದು ಕೇಳಿ. ಪಿಡಿಎಫ್ ಜೊತೆಗೆ ತಿದ್ದಬಹುದಾದ ಫೈಲನ್ನೂ ಕೇಳಿ ಪಡೆಯಿರಿ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೂ ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಹಾಕಿಕೊಂಡು ನೋಡಬಹುದು. ಹಳೆಯ ಫಾಂಟಿನ ಫೈಲುಗಳಿದ್ದರೆ ಓದಬಲ್ಲ ಕಂಪ್ಯೂಟರ್ ಇರುವಾಗಲೇ ಯುನಿಕೋಡಿಗೆ ತಂದಿಟ್ಟುಕೊಳ್ಳಿ. ತಂದ ಮೇಲೆ ಒಂದು ಸಲ ಪೂರ್ತಿ ಓದಿ ತಾಳೆ ನೋಡಿ, ಕೆಲವು ಒತ್ತಕ್ಷರಗಳು ತಪ್ಪಿರುತ್ತವೆ. ಮೂಲ ಫೈಲನ್ನು ಅಳಿಸಬೇಡಿ.